ಹೆರಿಗೆ ಫಾರಂನಲ್ಲಿ ‘ಗಂಡು ಮಗುವಾದರೆ ಸುನ್ನತಿ? ಹೌದು / ಇಲ್ಲ’. ನೀವು ಯಾವುದಕ್ಕೆ ಟಿಕ್ ಹಾಕಿದಿರಿ?

ಎಡಿಸನ್_ಅಪ್ಪ

ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಹೆಂಡತಿಗೆ ಈಗ 34 ವಾರ. ಗಂಡು ಮಗು ಅಂತ ಇಲ್ಲಿ ಮೊದಲೇ ಹೇಳಿಬಿಡುತ್ತಾರೆ. ಮೊನ್ನೆ ಆಸ್ಪತ್ರೆಯವರು ಒಂದು ಫಾರಂ ಕೊಟ್ಟರು. ಇನ್ಶೂರೆನ್ಸ್ ನಂಬರು, ಮಕ್ಕಳ ಡಾಕ್ಟರ ಹೆಸರು, ಎದೆಹಾಲೋ ಬಾಟಲಿಯೋ. ಅದರ ಕೆಳಗೆ ಸುನ್ನತಿ ಮಾಡಬೇಕಾ, ಹೌದು ಅಥವಾ ಇಲ್ಲ. ವಿಮಾನದಲ್ಲಿ ವೆಜ್ಜಾ ನಾನ್‌ವೆಜ್ಜಾ ಅಂತ ಕೇಳಿದ ಹಾಗಿತ್ತು.

ನಾವು ಹಾಸನದ ಕಡೆಯವರು. ನಮ್ಮ ಮನೆಯಲ್ಲಿ ಯಾರಿಗೂ ಮಾಡಿಸಿಲ್ಲ. ಆದರೆ ಆಫೀಸಿನಲ್ಲಿ ಒಬ್ಬ ಅಮೆರಿಕದವನು "ಮಾಡಿಸಿಬಿಡು, ನಾಳೆ ಬೇರೆ ಹುಡುಗರ ಜೊತೆ ಬಟ್ಟೆ ಬದಲಾಯಿಸುವಾಗ ಮುಜುಗರ ಆಗಬಾರದು" ಅನ್ನುತ್ತಾನೆ. ಅಮ್ಮನಿಗೆ ಫೋನ್ ಮಾಡಿದೆ. ನೇರವಾಗಿ ಹೇಳಲು ನಾಚಿಕೆಯಾಗಿ ‘ಮುಂಜಿ’ ಅಂದೆ. "ಹುಟ್ಟಿದ ಮರುದಿನ ಯಾರಾದರೂ ಮುಂಜಿ ಮಾಡುತ್ತಾರೇನೋ, ಎಂಟು ವರ್ಷವಾದರೂ ಆಗಲಿ" ಅಂದರು. ಯಾವ ಮುಂಜಿ ಅಂತ ಗೊತ್ತಾದ ಮೇಲೆ ಫೋನನ್ನು ಅಪ್ಪನ ಕೈಗೆ ಕೊಟ್ಟರು. ಅಪ್ಪ ಅಲ್ಲಿ ಚಳಿ ಹೇಗಿದೆ ಅಂತ ಕೇಳಿ ಇಟ್ಟುಬಿಟ್ಟರು.

ಹಾಗಾಗಿ ಇಲ್ಲಿ ಕೇಳುತ್ತಿದ್ದೇನೆ. ಮಾಡಿಸಿದವರು, ಮಾಡಿಸದವರು, ಡಾಕ್ಟರುಗಳು ಇದ್ದರೆ ಹೇಳಿ. ಜಗಳ ಬೇಡ.

ಟೆಕ್ಸಾಸ್_ಪಾರು

ನನಗೆ ಇಬ್ಬರೂ ಗಂಡು. ದೊಡ್ಡವನಿಗೆ 2011ರಲ್ಲಿ ಮಾಡಿಸಿದೆವು, ಚಿಕ್ಕವನಿಗೆ ಇಲ್ಲ. ದೊಡ್ಡವನ ಸಮಯದಲ್ಲಿ ಯೋಚನೆಯನ್ನೇ ಮಾಡಿರಲಿಲ್ಲ. ಹೆರಿಗೆಯಾಗಿ ಎರಡನೇ ದಿನ. ನನಗೆ ಎದ್ದು ಕೂರಲೂ ಆಗುತ್ತಿಲ್ಲ. ನರ್ಸ್ ಬಂದು ಸಹಿ ಕೇಳಿದಳು, ಎಲ್ಲರೂ ಮಾಡಿಸುತ್ತಾರೆ ಅಂದಳು. ಹಾಕಿಬಿಟ್ಟೆ.

ನನ್ನ ಗಂಡ ಒಳಗೆ ಹೋಗಿದ್ದರು. ಮಗುವಿನ ಮೈ ಅಳತೆಗೆ ತಗ್ಗು ಮಾಡಿದ ಪ್ಲಾಸ್ಟಿಕ್ ಹಲಗೆ, ಕೈಕಾಲಿಗೆ ವೆಲ್ಕ್ರೋ ಪಟ್ಟಿ. ಬಾಯಲ್ಲಿ ಸಕ್ಕರೆ ನೀರಿಗೆ ಅದ್ದಿದ ನಿಪ್ಪಲ್. ಬುಡಕ್ಕೆ ಇಂಜೆಕ್ಷನ್ ಕೊಟ್ಟು ಸ್ವಲ್ಪ ಹೊತ್ತು ಕಾದರಂತೆ. ಆಮೇಲೆ ಗಂಟೆಯಾಕಾರದ ಒಂದು ಲೋಹದ ತುಂಡು, ಅದರ ಮೇಲೆ ಕ್ಲ್ಯಾಂಪು, ತಿರುಪು ಬಿಗಿ ಮಾಡಿ ಚರ್ಮ ತೆಗೆದರು. ಮಗು ಸಂಜೆ ಹೊತ್ತಿಗೆ ಹಾಲು ಕುಡಿದು ಮಲಗಿತ್ತು. ಊಟ ಬಿಟ್ಟಿದ್ದು ಇವರು. ಡಯಾಪರಿಗೆ ಅಂಟದ ಹಾಗೆ ವಾರವಿಡೀ ವ್ಯಾಸಲೀನ್ ಹಚ್ಚಿದೆ, ವಾಸಿಯಾಯಿತು, ಮತ್ತೇನೂ ಆಗಲಿಲ್ಲ.

ಚಿಕ್ಕವನ ಸರದಿ ಬಂದಾಗ ಇವರು "ನಾನಂತೂ ಒಳಗೆ ಬರಲ್ಲ" ಅಂದರು. ಹಾಗಾದರೆ ಬೇಡ ಬಿಡಿ ಅಂದೆ. ಅಷ್ಟೇ, ದೊಡ್ಡ ತತ್ವ ಏನೂ ಇಲ್ಲ.

ಮಕ್ಕಳ_ಡಾಕ್ಟ್ರು

ಮೈಸೂರಿನಲ್ಲಿ ಪ್ರಾಕ್ಟೀಸ್ ಮಾಡುತ್ತೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾದರೆ ದಾಟಿಕೊಂಡು ಹೋಗಿ.

ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಈ ವಿಷಯದಲ್ಲಿ ಎಷ್ಟು ಸಲ ಮಗ್ಗುಲು ಬದಲಾಯಿಸಿದೆ ನೋಡಿ. 1971ರಲ್ಲಿ ಹಸುಗೂಸಿಗೆ ಇದನ್ನು ಮಾಡಲು ಸರಿಯಾದ ವೈದ್ಯಕೀಯ ಕಾರಣವೇ ಇಲ್ಲ ಅಂದರು. 1989ರಲ್ಲಿ ಲಾಭ ಇರಬಹುದು ಅಂದರು. 1999ರಲ್ಲಿ ಇರಬಹುದು, ಆದರೆ ಎಲ್ಲರಿಗೂ ಮಾಡಿ ಅನ್ನುವಷ್ಟಿಲ್ಲ. 2012ರಲ್ಲಿ ಲಾಭ ಅಪಾಯಕ್ಕಿಂತ ಜಾಸ್ತಿ, ಆದರೂ ಎಲ್ಲರಿಗೂ ಮಾಡಿ ಅನ್ನಲ್ಲ, ಅಪ್ಪ ಅಮ್ಮ ತೀರ್ಮಾನ ಮಾಡಲಿ. ಪಕ್ಕದ ಕೆನಡಾದ ಮಕ್ಕಳ ವೈದ್ಯರು 2015ರಲ್ಲಿ ಎಲ್ಲ ಗಂಡು ಕೂಸುಗಳಿಗೂ ಮಾಡಿಸಿ ಅಂತ ಶಿಫಾರಸು ಮಾಡಲ್ಲ ಅಂದರು. ನೆದರ್ಲೆಂಡ್ಸಿನ ವೈದ್ಯರ ಸಂಘ ಇನ್ನೂ ಮುಂದೆ ಹೋಗಿ, ಕಾಯಿಲೆ ಇಲ್ಲದ ಮಗುವಿಗೆ ಇದನ್ನು ಮಾಡುವುದು ಅದರ ಹಕ್ಕಿಗೇ ವಿರುದ್ಧ ಅಂತ 2010ರಲ್ಲೇ ಹೇಳಿತ್ತು. ಎಲ್ಲರ ಮುಂದೆ ಇದ್ದದ್ದು ಹೆಚ್ಚುಕಡಿಮೆ ಅವೇ ಅಧ್ಯಯನಗಳು. 2013ರಲ್ಲಿ ಯುರೋಪಿನ ಡಾಕ್ಟರುಗಳು ಸೇರಿ ‘ನೀವು ನಿಮ್ಮ ಊರಿನ ಅಭ್ಯಾಸವನ್ನೇ ವಿಜ್ಞಾನ ಅಂತಿದ್ದೀರಿ’ ಅಂತ ಅಮೆರಿಕದವರಿಗೆ ಬರೆದರು. ‘ನೀವೂ ಅದನ್ನೇ ಮಾಡುತ್ತಿದ್ದೀರಿ’ ಅಂತ ಇವರು ತಿರುಗಿ ಬರೆದರು. ಇಬ್ಬರ ಮಾತಿನಲ್ಲೂ ನಿಜ ಇದೆ ಅಂತ ನನಗನಿಸುತ್ತದೆ.

ಈಗ ಲೆಕ್ಕ. ಸುನ್ನತಿಯಾಗದ ಗಂಡು ಮಕ್ಕಳಲ್ಲಿ ಮೊದಲ ವರ್ಷದಲ್ಲಿ ಯೂರಿನ್ ಇನ್ಫೆಕ್ಷನ್ ಆಗುವುದು ಸುಮಾರು ನೂರಕ್ಕೆ ಒಬ್ಬರಿಗೆ. ಸುನ್ನತಿಯಿಂದ ಅದು ತುಂಬಾ ಕಡಿಮೆಯಾಗುತ್ತದೆ, ಸುಳ್ಳಲ್ಲ. ಆದರೆ 2005ರಲ್ಲಿ ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದಾಗ, ಒಂದು ಇನ್ಫೆಕ್ಷನ್ ತಪ್ಪಿಸಲು 111 ಮಕ್ಕಳಿಗೆ ಆಪರೇಷನ್ ಮಾಡಬೇಕು ಅಂತ ಬಂತು. ನೂರಕ್ಕೆ ಇಬ್ಬರಿಗೆ ರಕ್ತ, ಕೀವು ಅಂತ ಏನಾದರೂ ಆಗುತ್ತದೆ ಅಂದುಕೊಂಡರೆ, ಒಂದು ಇನ್ಫೆಕ್ಷನ್ ತಪ್ಪಿಸಲು ಹೋಗಿ ಎರಡು ಚಿಕ್ಕಪುಟ್ಟ ತೊಂದರೆ ತಂದುಕೊಂಡ ಹಾಗೆ. ಇನ್ಫೆಕ್ಷನ್ನಿಗೆ ಆಂಟಿಬಯಾಟಿಕ್ ಇದೆ. ಮೂತ್ರ ಕಿಡ್ನಿಗೆ ವಾಪಸ್ ನುಗ್ಗುವ ತೊಂದರೆ ಜೋರಾಗಿರುವ ಮಗುವಾದರೆ ಲೆಕ್ಕವೇ ಬೇರೆ. ಅಲ್ಲಿ ನಾಲ್ಕು ಮಕ್ಕಳಿಗೆ ಮಾಡಿದರೆ ಒಂದು ತಪ್ಪುತ್ತದೆ. ಅಂಥ ಮಗುವಿಗೆ ನಾನೇ ಮಾಡಿಸಿ ಅನ್ನುತ್ತೇನೆ, ಯಾವ ಜಾತಿಯಾದರೂ ಸರಿ.

ನೋವಿನ ವಿಷಯ. 1980ರ ದಶಕದವರೆಗೂ ಎಷ್ಟೋ ಕಡೆ ಹಸುಗೂಸಿಗೆ ನೋವು ಗೊತ್ತಾಗಲ್ಲ ಅಂತಲೇ ನಂಬಿದ್ದರು. ಅದನ್ನು ಬಲವಾಗಿ ಅಲ್ಲಾಡಿಸಿದ್ದು ಭಾರತ ಮೂಲದ ಡಾ. ಕನ್ವಲ್‌ಜೀತ್ ಆನಂದ್, 1987ರಲ್ಲಿ. ಆಮೇಲೆ 1997ರಲ್ಲಿ ಟೊರೊಂಟೊದವರು ಇನ್ನೊಂದು ತೋರಿಸಿದರು. ಸುನ್ನತಿಯಾದ ಕೂಸುಗಳು ನಾಲ್ಕಾರು ತಿಂಗಳ ಮೇಲೆ ಲಸಿಕೆ ಹಾಕಿಸುವಾಗಲೂ ಬೇರೆ ಮಕ್ಕಳಿಗಿಂತ ಜಾಸ್ತಿ ಅಳುತ್ತಿದ್ದವು. ಹಾಗಾಗಿ ಎಡಿಸನ್ ಸರ್, ಮಾಡಿಸುವುದೇ ಆದರೆ ಒಂದೇ ಪ್ರಶ್ನೆ ಕೇಳಿ: ಮರಗಟ್ಟಿಸುವ ಇಂಜೆಕ್ಷನ್ ಕೊಡುತ್ತೀರಾ? ಸಕ್ಕರೆ ನೀರು ಸಾಕು ಅಂದರೆ ಎದ್ದು ಬನ್ನಿ.

ಲೆಕ್ಕ_ಪಕ್ಕಾ

ಡಾಕ್ಟ್ರೇ, ಎಚ್‌ಐವಿ ಬಿಟ್ಟೇಬಿಟ್ಟಿರಲ್ಲ. ದಕ್ಷಿಣ ಆಫ್ರಿಕಾದ ಆರೆಂಜ್ ಫಾರ್ಮ್, ಕೀನ್ಯಾದ ಕಿಸುಮು, ಉಗಾಂಡದ ರಕಾಯ್. ಮೂರು ದೊಡ್ಡ ಪ್ರಯೋಗ. ಹೆಂಗಸರಿಂದ ಗಂಡಸರಿಗೆ ಎಚ್‌ಐವಿ ಹರಡುವುದು ಶೇ. 60ರ ಹತ್ತಿರ ಕಡಿಮೆಯಾಯಿತು. ಮಧ್ಯದಲ್ಲೇ ನಿಲ್ಲಿಸಿ ಉಳಿದವರಿಗೂ ಮಾಡಿಸಿಕೊಳ್ಳುವ ಅವಕಾಶ ಕೊಟ್ಟರು, ಅಷ್ಟು ಸ್ಪಷ್ಟವಾಗಿತ್ತು. 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಶಿಫಾರಸು ಮಾಡಿತು. ಶಿಶ್ನದ ಕ್ಯಾನ್ಸರ್ ಕೂಡ ಚಿಕ್ಕಂದಿನಲ್ಲಿ ಸುನ್ನತಿಯಾದವರಲ್ಲಿ ತುಂಬಾ ಕಡಿಮೆ. ಇಷ್ಟೆಲ್ಲ ಇದ್ದು ಹದಿನೆಂಟು ವರ್ಷ ಆದ ಮೇಲೆ ಅವನೇ ನಿರ್ಧರಿಸಲಿ ಅಂತ ಕೆಲವರು ಅನ್ನುವುದು ಕೇಳೋಕೆ ಚೆಂದ. ಆದರೆ ಆಗ ಹೊಲಿಗೆ ಹಾಕಬೇಕು, ರಜೆ ಹಾಕಬೇಕು, ವಾರಗಟ್ಟಲೆ ಒದ್ದಾಟ. ಕೂಸಾಗಿದ್ದಾಗ ಹತ್ತು ನಿಮಿಷ. ಯಾವ ಹುಡುಗ ಇಪ್ಪತ್ತರಲ್ಲಿ ತಾನಾಗಿ ಹೋಗುತ್ತಾನೆ ಹೇಳಿ?

ಮಕ್ಕಳ_ಡಾಕ್ಟ್ರು

ಯಾರೂ ಹೋಗಲ್ಲ ಅನ್ನುವುದೇ ಒಂದು ಉತ್ತರ ಅಲ್ವಾ ಸರ್?

ತಮಾಷೆ ಇರಲಿ. ಆ ಮೂರೂ ಪ್ರಯೋಗ ನಡೆದದ್ದು ದೊಡ್ಡವರ ಮೇಲೆ, ತಾವೇ ಒಪ್ಪಿ ಬಂದವರ ಮೇಲೆ, ಎಚ್‌ಐವಿ ಊರೂರಿಗೆ ಹಬ್ಬಿದ್ದ ಕಡೆ. ಕಿಸುಮುವಿನಲ್ಲಿ ನಾನಿದ್ದಿದ್ದರೆ ನಿಮ್ಮ ಪಕ್ಕದಲ್ಲೇ ನಿಲ್ಲುತ್ತಿದ್ದೆ. ಎಡಿಸನ್ನಿನ ಮಗುವಿಗೆ ಆ ಅಪಾಯ ಶುರುವಾಗುವುದು ಹದಿನೈದಿಪ್ಪತ್ತು ವರ್ಷದ ಮೇಲೆ, ಅದೂ ಕಾಂಡೋಮ್ ಸಿಗುವ ಊರಲ್ಲಿ. ಇನ್ನು ಕ್ಯಾನ್ಸರ್. ಶ್ರೀಮಂತ ದೇಶಗಳಲ್ಲಿ ಅದು ವರ್ಷಕ್ಕೆ ಲಕ್ಷ ಗಂಡಸರಲ್ಲಿ ಸುಮಾರು ಒಬ್ಬರಿಗೆ ಬರುವಂಥದ್ದು. ಅದಕ್ಕೆ ದೊಡ್ಡ ಕಾರಣಗಳಲ್ಲಿ ಒಂದು ಎಚ್‌ಪಿವಿ ವೈರಸ್. ಅದಕ್ಕೆ ಲಸಿಕೆ ಬಂದಿದೆ, ಅಮೆರಿಕದಲ್ಲಿ ಗಂಡು ಹುಡುಗರಿಗೂ ಹಾಕುತ್ತಾರೆ.

ನೀವು ಹೇಳಿದ ಒಂದು ಮಾತು ಮಾತ್ರ ಒಪ್ಪುತ್ತೇನೆ. ಕೂಸಿಗೆ ಮಾಡುವುದು ಸುಲಭ. ಅದರಲ್ಲಿ ವಾದವಿಲ್ಲ.

ಭಟ್ಕಳ_ಹುಡುಗ

ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ನಮ್ಮ ಮನೆಯಲ್ಲಿ ಈ ಫಾರಂ ಬಂದರೆ ಯಾರೂ ಲೆಕ್ಕ ಹಾಕಲ್ಲ. ನಾವು ಶಾಫಿ ಪಂಥದವರು, ನಮ್ಮಲ್ಲಿ ಇದು ವಾಜಿಬ್, ಅಂದರೆ ಕಡ್ಡಾಯ. ಹನಫಿ ಪಂಥದವರಲ್ಲಿ ಸುನ್ನತ್, ಅಂದರೆ ಪ್ರವಾದಿಯವರ ರೂಢಿ. ಕುರಾನಿನಲ್ಲಿ ಇದರ ಮಾತೇ ಇಲ್ಲ, ಪ್ರವಾದಿಯವರ ನಡೆನುಡಿಗಳ ದಾಖಲೆಯಾದ ಹದೀಸ್‌ನಿಂದ ಬಂದದ್ದು. ಇಷ್ಟನೇ ದಿನ ಮಾಡಬೇಕು ಅಂತಲೂ ಕಟ್ಟುನಿಟ್ಟಿಲ್ಲ. ಹಾಗಾಗಿ ಒಬ್ಬೊಬ್ಬರದು ಒಂದೊಂದು ವಯಸ್ಸಿನಲ್ಲಿ ಆಗುತ್ತದೆ.

ನನಗಾಗಿದ್ದು ಏಳನೇ ವಯಸ್ಸಿನಲ್ಲಿ, ಬೇಸಿಗೆ ರಜೆಯಲ್ಲಿ. ಹೊಸ ಬಟ್ಟೆ, ಕೊರಳಿಗೆ ಹಾರ, ಕೈಯಲ್ಲಿ ನೋಟು. ನಾನೇ ಮದುಮಗ ಅಂದುಕೊಂಡಿದ್ದೆ. ಮಾವ ಹಿಂದಿನಿಂದ ತೋಳು ಹಿಡಿದುಕೊಂಡರು. ಅಲ್ಲಿ ನೋಡು ಹಕ್ಕಿ ಅಂದರು. ನೋಡಿದೆ. ಹಕ್ಕಿ ಇರಲಿಲ್ಲ. ಆಮೇಲೆ ಹತ್ತು ದಿನ ಜಂತಿಯಿಂದ ಒಂದು ದಾರ ಇಳಿಬಿಟ್ಟು, ಅದಕ್ಕೆ ಲುಂಗಿಯ ನಡುಭಾಗ ಕಟ್ಟಿ ಡೇರೆ ಮಾಡಿದ್ದರು, ಬಟ್ಟೆ ತಾಗಬಾರದು ಅಂತ. ಆ ಡೇರೆಯೊಳಗೆ ಮಲಗಿ ಹೊರಗೆ ಹುಡುಗರು ಕ್ರಿಕೆಟ್ ಆಡುವ ಸದ್ದು ಕೇಳುತ್ತಿದ್ದೆ. ನೋವು ಮರೆತಿದೆ. ಆ ಸಿಟ್ಟು ಮರೆತಿಲ್ಲ.

ನನ್ನ ಮಗನಿಗೆ ಮಾಡಿಸಿದೆ. ಯಾಕೆ ಮಾಡಿಸಲಿ ಅನ್ನುವ ಪ್ರಶ್ನೆ ನನಗೆ ಬರಲೇ ಇಲ್ಲ. ನನ್ನ ಅಪ್ಪ, ಅವರಪ್ಪ, ಇಬ್ರಾಹಿಂ ನಬಿಯವರೆಗೆ ಹೋಗುವ ಸಾಲು ಅದು. ಆದರೆ ಹೇಗೆ ಮಾಡಿಸಲಿ ಅನ್ನುವ ಪ್ರಶ್ನೆ ಬಂತು. ಎರಡು ತಿಂಗಳಿದ್ದಾಗ ಆಸ್ಪತ್ರೆಯಲ್ಲಿ, ಸರ್ಜನ್ ಕೈಲಿ, ಮರಗಟ್ಟಿಸಿ. ಪ್ಲಾಸ್ಟಿಕ್ ಉಂಗುರ ಹಾಕಿ ದಾರ ಕಟ್ಟಿದರು, ವಾರದ ಮೇಲೆ ಡಯಾಪರಿನಲ್ಲಿ ಬಿದ್ದಿತ್ತು. ಹಕ್ಕಿ ತೋರಿಸುವ ಕೆಲಸವೇ ಬರಲಿಲ್ಲ.

ಒಂದು ಮಾತು. ನಮ್ಮವರಲ್ಲಿ ಕೆಲವರು ಇನ್ಫೆಕ್ಷನ್, ಕ್ಯಾನ್ಸರ್ ಅಂತೆಲ್ಲ ಹೇಳಿ ಸಮರ್ಥನೆ ಕೊಡುತ್ತಾರೆ. ನನಗದು ಇಷ್ಟ ಆಗಲ್ಲ. ನಾಳೆ ಆ ಲಾಭ ಏನೂ ಇಲ್ಲ ಅಂತ ಗೊತ್ತಾದರೆ ಬಿಟ್ಟುಬಿಡುತ್ತೀರಾ? ಇಲ್ಲ ತಾನೇ. ಮತ್ಯಾಕೆ ಡಾಕ್ಟರ ಹೆಗಲ ಮೇಲೆ ಬಂದೂಕು ಇಡಬೇಕು.

ಬೆಂಗಳೂರ್_ಬಾಯ್_ನೂರೊಂದು

[ಈ ಕಾಮೆಂಟನ್ನು ನಿರ್ವಾಹಕರು ತೆಗೆದುಹಾಕಿದ್ದಾರೆ]

ನಿರ್ವಾಹಕ

ಸಮುದಾಯಗಳನ್ನು ಹೀಯಾಳಿಸುವ ಕಾಮೆಂಟ್ ಇಲ್ಲಿ ಉಳಿಯಲ್ಲ. ಒಬ್ಬ ಅಪ್ಪ ಫಾರಂ ಬಗ್ಗೆ ಕೇಳಿದ್ದಾರೆ, ಅದಕ್ಕೆ ಉತ್ತರ ಕೊಡಿ.

ಕೊಲೋನ್_ಕನ್ನಡತಿ

ನಾನಿರುವುದು ಜರ್ಮನಿಯ ಕೊಲೋನ್‌ನಲ್ಲಿ. ಇಲ್ಲಿ 2012ರಲ್ಲಿ ಇದೇ ದೊಡ್ಡ ರಂಪ ಆಯಿತು. ನಾಲ್ಕು ವರ್ಷದ ಮುಸ್ಲಿಂ ಹುಡುಗ. ಮಾಡಿದ್ದು ಡಾಕ್ಟರೇ, ಅಪ್ಪ ಅಮ್ಮ ಹೇಳಿದ್ದಕ್ಕೇ ಮಾಡಿದ್ದು. ಎರಡು ದಿನದ ಮೇಲೆ ರಕ್ತ ಬಂತು, ಆಸ್ಪತ್ರೆಗೆ ಓಡಿದರು, ಕೇಸಾಯಿತು. ಡಾಕ್ಟರ ಕೆಲಸದಲ್ಲಿ ತಪ್ಪು ಕಾಣಲಿಲ್ಲ. ಆದರೂ ಜಿಲ್ಲಾ ಕೋರ್ಟು ಮೇ ತಿಂಗಳಲ್ಲಿ, ಮಗುವಿನ ಮೈ ಮೇಲಿನ ಹಕ್ಕು ಅಪ್ಪ ಅಮ್ಮನ ಧರ್ಮದ ಹಕ್ಕಿಗಿಂತ ದೊಡ್ಡದು, ಇದು ಗಾಯ ಮಾಡಿದ ಅಪರಾಧವೇ ಅಂದಿತು. ಕಾನೂನು ಸ್ಪಷ್ಟವಿರಲಿಲ್ಲ ಅಂತ ಡಾಕ್ಟರನ್ನು ಮಾತ್ರ ಬಿಟ್ಟರು.

ಯಹೂದಿಗಳೂ ಮುಸ್ಲಿಮರೂ ಒಟ್ಟಿಗೆ ಬೀದಿಗಿಳಿದರು. ಯಹೂದಿಗಳಲ್ಲಿ ಎಂಟನೇ ದಿನ ಮಾಡಲೇಬೇಕು. ಜರ್ಮನಿಯ ಕೋರ್ಟು ಯಹೂದಿಗಳಿಗೆ ನೀವು ಯಹೂದಿಗಳಾಗಿ ಬದುಕುವಂತಿಲ್ಲ ಅಂದರೆ ಅದರ ಸದ್ದು ಬೇರೆಯೇ ಅಲ್ವಾ. ಅದೇ ಡಿಸೆಂಬರ್ 12ಕ್ಕೆ ಸಂಸತ್ತು ಕಾನೂನು ಮಾಡಿತು. ಪರವಾಗಿ 434, ವಿರುದ್ಧ 100. ಅಪ್ಪ ಅಮ್ಮ ಒಪ್ಪಿದರೆ ಮಾಡಿಸಬಹುದು, ವೈದ್ಯಕೀಯ ನಿಯಮದಂತೆ ಮಾಡಬೇಕು. ಮೊದಲ ಆರು ತಿಂಗಳು ತರಬೇತಿಯಾದ ಧಾರ್ಮಿಕ ವ್ಯಕ್ತಿಯೂ ಮಾಡಬಹುದು.

ಐಸ್ಲೆಂಡಿನಲ್ಲಿ 2018ರಲ್ಲಿ ಆರು ವರ್ಷದವರೆಗೆ ಜೈಲು ಅಂತ ಮಸೂದೆ ತಂದರು, ಪಾಸಾಗಲಿಲ್ಲ. ನನ್ನ ಮಟ್ಟಿಗೆ ಕೋರ್ಟು ತರ್ಕದಲ್ಲಿ ಸರಿ, ಊರು ನಡೆಸುವುದರಲ್ಲಿ ತಪ್ಪು. ನಿಷೇಧಿಸಿದರೆ ನಿಲ್ಲಲ್ಲ. ಅಡುಗೆಮನೆ ಮೇಜಿನ ಮೇಲೆ ನಡೆಯುತ್ತದೆ.

ಶಿರಸಿ_ಸುಬ್ಬ

ಇಷ್ಟೆಲ್ಲ ಯಾಕೆ? ನಾವು ಹೆಣ್ಣು ಕೂಸುಗಳ ಕಿವಿ ಚುಚ್ಚಿಸಲ್ವಾ? ಅದನ್ನು ಕೇಳಿ ಮಾಡಿಸುತ್ತೇವಾ? ಅಕ್ಕಸಾಲಿ ತಂತಿ ಚುಚ್ಚಿದರೆ ಅದೂ ಕಿರುಚುತ್ತದೆ.

ಟೆಕ್ಸಾಸ್_ಪಾರು

ಸುಬ್ಬಣ್ಣ, ಓಲೆ ತೆಗೆದಿಟ್ಟರೆ ಕಿವಿ ತೂತು ಎಷ್ಟೋ ಸಲ ಮುಚ್ಚಿಕೊಳ್ಳುತ್ತದೆ. ಚೌಲದಲ್ಲಿ ತೆಗೆದ ಕೂದಲೂ ಬರುತ್ತದೆ. ಇದು ಬರಲ್ಲ.

ಶಿರಸಿ_ಸುಬ್ಬ

ಅದು ಹೌದು. ಆದರೆ ನನ್ನ ತಂಗಿಗೆ ಕಿವಿ ಚುಚ್ಚಿ ಕೀವಾಗಿ ಹದಿನೈದು ದಿನ ಜ್ವರ ಬಂದಿತ್ತು. ಅದನ್ನು ಯಾರೂ ಚರ್ಚೆ ಮಾಡಲಿಲ್ಲ ಅನ್ನುವುದು ನನ್ನ ಮಾತು.

ಹಳೇ_ಪೇಪರ್

ಅಮೆರಿಕದಲ್ಲಿ ಇದು ಫಾರಂವರೆಗೆ ಹೇಗೆ ಬಂತು ಅಂತ ಯಾರೂ ಹೇಳಲಿಲ್ಲ. ಅಲ್ಲಿ ಜಾಸ್ತಿ ಜನ ಕ್ರಿಶ್ಚಿಯನ್ನರು, ಅವರಿಗೆ ಧರ್ಮದಲ್ಲಿ ಇದು ಬೇಕಿಲ್ಲ. ಶುರು ಮಾಡಿದ್ದು ಡಾಕ್ಟರುಗಳು. 1870ರಲ್ಲಿ ನ್ಯೂಯಾರ್ಕಿನ ಮೂಳೆ ಡಾಕ್ಟರ್ ಲೂಯಿಸ್ ಸೇಯರ್, ಕಾಲು ನೆಟ್ಟಗೆ ಬಾರದ ಐದು ವರ್ಷದ ಹುಡುಗನಿಗೆ ಸುನ್ನತಿ ಮಾಡಿ ವಾಸಿಯಾಯಿತು ಅಂದ. ಅಲ್ಲಿಂದ ಮೂರ್ಛೆರೋಗದಿಂದ ಹಿಡಿದು ಏನೇನಕ್ಕೋ ಇದೇ ಮದ್ದಾಯಿತು. ಕಾರ್ನ್‌ಫ್ಲೇಕ್ಸಿನ ಕೆಲಾಗ್ ಇದ್ದಾನಲ್ಲ, ಜಾನ್ ಹಾರ್ವೆ ಕೆಲಾಗ್, ಅವನೂ ಡಾಕ್ಟರೇ. ಹುಡುಗರ ಹಸ್ತಮೈಥುನ ಬಿಡಿಸಲು ಸುನ್ನತಿ ಮಾಡಿ, ಅರಿವಳಿಕೆ ಕೊಡಬೇಡಿ, ನೋವೇ ಬುದ್ಧಿ ಕಲಿಸುತ್ತದೆ ಅಂತ ಬರೆದ. ನಾಳೆ ಬೆಳಿಗ್ಗೆ ಹಾಲಿಗೆ ಸುರಿದುಕೊಳ್ಳುವಾಗ ನೆನಪಿರಲಿ.

ಬ್ರಿಟನ್ನಿನಲ್ಲೂ ಹೀಗೇ ಹಬ್ಬಿತ್ತು. 1948ರಲ್ಲಿ ಸರ್ಕಾರಿ ಆರೋಗ್ಯ ಸೇವೆ ಬಂತು, ಸುಮ್ನೆ ಮಾಡುವ ಸುನ್ನತಿಗೆ ದುಡ್ಡು ಕೊಡಲ್ಲ ಅಂದಿತು. 1949ರಲ್ಲಿ ಡಗ್ಲಸ್ ಗೇರ್ಡ್ನರ್ ಅನ್ನುವ ಮಕ್ಕಳ ಡಾಕ್ಟರು ಇದರಿಂದ ವರ್ಷಕ್ಕೆ ಸುಮಾರು 16 ಮಕ್ಕಳು ಸಾಯುತ್ತಿದ್ದಾರೆ ಅಂತ ಬರೆದರು. ಆಮೇಲೆ ಅಲ್ಲಿ ಇಳಿದುಹೋಯಿತು. ಅಮೆರಿಕದಲ್ಲಿ ಇನ್ಶೂರೆನ್ಸ್ ದುಡ್ಡು ಕೊಡುತ್ತಾ ಹೋಯಿತು, ಉಳಿಯಿತು. ಅಲ್ಲೂ ಈಗ ಕಡಿಮೆಯಾಗುತ್ತಿದೆ. ಆಸ್ಪತ್ರೆಯಲ್ಲಿ ಹುಟ್ಟಿದ ಗಂಡು ಕೂಸುಗಳಲ್ಲಿ 1979ರಲ್ಲಿ ಶೇ. 64.5, 2010ರಲ್ಲಿ ಶೇ. 58.3.

ಎಡಿಸನ್ ಸರ್, ನಿಮ್ಮ ಆಫೀಸಿನವನು ಹೇಳಿದ ಮುಜುಗರ ನಿಮ್ಮ ಮಗನ ಕಾಲಕ್ಕೆ ಇರಲ್ಲ. ಅರ್ಧ ಕ್ಲಾಸು ಇವನ ಹಾಗೇ ಇರುತ್ತದೆ.

ವಕೀಲ_ಗಿರಿ

ನಮ್ಮ ದೇಶದ ಮಟ್ಟಿಗೆ: ಕೇರಳ ಹೈಕೋರ್ಟಿನಲ್ಲಿ ಮಕ್ಕಳ ಸುನ್ನತಿಯನ್ನು ಕಾನೂನುಬಾಹಿರ ಅಂತ ಹೇಳಿ ಅಂತ ಅರ್ಜಿ ಹೋಗಿತ್ತು. 2023ರ ಮಾರ್ಚಿನಲ್ಲಿ ವಜಾ ಆಯಿತು. ಪೇಪರ್ ಸುದ್ದಿ ನಂಬಿಕೊಂಡು ಬಂದಿದ್ದೀರಿ, ಕಾನೂನು ಮಾಡುವುದು ನಮ್ಮ ಕೆಲಸವಲ್ಲ ಅನ್ನುವ ಧಾಟಿಯಲ್ಲಿ. ನ್ಯಾಯ ಸಂಹಿತೆಯ 27ನೇ ಕಲಂ (ಹಳೇ ಐಪಿಸಿ 89) ಪ್ರಕಾರ 12 ವರ್ಷದೊಳಗಿನ ಮಗುವಿಗೆ ಅದರ ಒಳ್ಳೆಯದಕ್ಕೆ, ಪೋಷಕರ ಒಪ್ಪಿಗೆ ಪಡೆದು ಸದುದ್ದೇಶದಿಂದ ಮಾಡಿದ್ದು ಅಪರಾಧವಲ್ಲ. ಇಡೀ ಜಗಳ ‘ಒಳ್ಳೆಯದು’ ಅನ್ನುವ ಆ ಒಂದು ಪದದ ಮೇಲೆ ನಿಂತಿದೆ.

ದಾವಣಗೆರೆ_ಅಕ್ಕ

ಎಲ್ಲರೂ ದೊಡ್ಡ ದೊಡ್ಡ ಮಾತಾಡುತ್ತಿದ್ದೀರಿ, ಒಂದು ಚಿಕ್ಕ ವಿಷಯ ಹೇಳುತ್ತೇನೆ. ನನ್ನ ತಮ್ಮನಿಗೆ ಹಿಮೋಫಿಲಿಯಾ. ರಕ್ತ ಹೆಪ್ಪುಗಟ್ಟಲ್ಲ. ತಾಯಿಯಿಂದ ಗಂಡು ಮಕ್ಕಳಿಗೆ ಬರುವ ಕಾಯಿಲೆ. ನಮ್ಮೂರಿನ ಹಿಮೋಫಿಲಿಯಾ ಸೊಸೈಟಿಗೆ ಹೋದಾಗ ಒಬ್ಬ ತಾಯಿ ಸಿಕ್ಕಿದ್ದರು. ಅವರ ಮಗನ ಕಾಯಿಲೆ ಗೊತ್ತಾಗಿದ್ದೇ ಖತ್ನಾ ದಿನ. ಬಟ್ಟೆ ಮೇಲೆ ಬಟ್ಟೆ ಒತ್ತಿದರೂ ನಿಲ್ಲಲಿಲ್ಲವಂತೆ. ಮಗು ಉಳಿಯಿತು, ಪುಣ್ಯ. ಯಹೂದಿಗಳಿಗೆ ಇದು ಸಾವಿರದೈನೂರು ವರ್ಷದ ಹಿಂದೆಯೇ ಗೊತ್ತಿತ್ತು. ಇಬ್ಬರು ಅಣ್ಣಂದಿರು ಸುನ್ನತಿಯಲ್ಲಿ ರಕ್ತ ಹೋಗಿ ಸತ್ತಿದ್ದರೆ ಮೂರನೆಯವನಿಗೆ ಮಾಡಬೇಡಿ ಅಂತ ಅವರ ಧರ್ಮಗ್ರಂಥ ತಾಲ್ಮುದ್‌ನಲ್ಲಿದೆ.

ಯಾವ ಧರ್ಮದವರಾದರೂ ಮಾಡಿಸುವ ಮುಂಚೆ ಮಗುವಿನ ಸೋದರಮಾವಂದಿರ ಬಗ್ಗೆ ಕೇಳಿ. ಹಲ್ಲು ಕೀಳಿಸಿದಾಗ ರಕ್ತ ನಿಂತಿತಾ, ಬಿದ್ದರೆ ಮೊಣಕಾಲು ಊದುತ್ತಿತ್ತಾ ಅಂತ.

ಎಡಿಸನ್_ಅಪ್ಪ

ಎಲ್ಲರಿಗೂ ಥ್ಯಾಂಕ್ಸ್. ಭಟ್ಕಳದವರ ಪೋಸ್ಟನ್ನು ಹೆಂಡತಿಗೆ ಓದಿ ಹೇಳಿದೆ. ಅವಳು "ಅವರಿಗೆ ಕಾರಣ ಇದೆ, ನಮಗೇನಿದೆ?" ಅಂದಳು. ಆಫೀಸಿನವನ ಮುಜುಗರ ಬಿಟ್ಟರೆ ನನಗೆ ಬೇರೆ ಹೊಳೆಯಲಿಲ್ಲ. ‘ಇಲ್ಲ’ಕ್ಕೆ ಟಿಕ್ ಹಾಕಿ ಕಳಿಸಿದೆವು.

ಈಗ ಹೊಸ ಭಯ. ಚರ್ಮ ಇದ್ದರೆ ಶುಚಿ ಮಾಡುವುದು ಹೇಗೆ? ದಿನಾ ಹಿಂದಕ್ಕೆ ಸರಿಸಿ ತೊಳೆಯಬೇಕಾ?

ಮಕ್ಕಳ_ಡಾಕ್ಟ್ರು

ಬೇಡ! ಈ ಪ್ರಶ್ನೆ ಕೇಳಿದ್ದೇ ಒಳ್ಳೆಯದಾಯಿತು. ಹುಟ್ಟಿದಾಗ ಮುಂದೊಗಲು ಒಳಗೆ ಅಂಟಿಕೊಂಡಿರುತ್ತದೆ, ಉಗುರು ಅಂಟಿರುವ ಹಾಗೆ. ಗೇರ್ಡ್ನರ್ ನೋಡಿದಾಗ ಹುಟ್ಟಿದ ಮಕ್ಕಳಲ್ಲಿ ನೂರಕ್ಕೆ ನಾಲ್ವರಿಗೆ ಮಾತ್ರ ಪೂರ್ತಿ ಸರಿಯುತ್ತಿತ್ತು. ಬೆಳೆದಂತೆ ತಾನಾಗಿ ಬಿಡುತ್ತದೆ. 1968ರಲ್ಲಿ ಡೆನ್ಮಾರ್ಕಿನ ಶಾಲೆ ಹುಡುಗರನ್ನು ನೋಡಿದಾಗ 17ರ ಹೊತ್ತಿಗೆ ಬಿಗಿ ಉಳಿದಿದ್ದು ನೂರಕ್ಕೆ ಒಬ್ಬನಿಗೆ. ಮೂರು ವರ್ಷದ ಮಗುವಿಗೆ ಸರಿಯುತ್ತಿಲ್ಲ ಅಂತ ಆಪರೇಷನ್ನಿಗೆ ಬರೆದುಕೊಟ್ಟ ಚೀಟಿ ಹಿಡಿದು ನನ್ನ ಹತ್ತಿರ ಬರುತ್ತಾರೆ. ಮುಕ್ಕಾಲು ಜನಕ್ಕೆ ಏನೂ ಬೇಕಿಲ್ಲ. ಬೇಕಿದ್ದರೆ ಸ್ಟೀರಾಯ್ಡ್ ಮುಲಾಮು, ಒಂದೂವರೆ ತಿಂಗಳು. ತುದಿ ಬೆಳ್ಳಗಾಗಿ ಗಟ್ಟಿಯಾಗಿದ್ದರೆ, ಮತ್ತೆ ಮತ್ತೆ ಕೀವಾಗುತ್ತಿದ್ದರೆ ಆಗ ಸುನ್ನತಿ ಮಾಡಿಸಬೇಕು.

ನಮ್ಮ ಕಡೆ ತೊಂದರೆ ಬರುವುದು ಬಚ್ಚಲಮನೆಯಿಂದ. ನೀರು ಹಾಕುವ ಹೆಂಗಸು ಹರಳೆಣ್ಣೆ ಹಚ್ಚಿ ದಿನಾ ಹಿಂದಕ್ಕೆ ಎಳೆಯುತ್ತಾಳೆ, ಸಡಿಲ ಆಗಲಿ ಅಂತ. ಹೋದ ತಿಂಗಳು ಐದು ತಿಂಗಳ ಕೂಸೊಂದು ಬಂತು. ಎಳೆದದ್ದು ವಾಪಸ್ ಬಂದಿಲ್ಲ, ಉಂಗುರದ ಹಾಗೆ ಬಿಗಿದು ತುದಿ ದ್ರಾಕ್ಷಿ ಹಣ್ಣಿನಂತೆ ಊದಿತ್ತು. ಮೆಲ್ಲಗೆ ಒತ್ತಿ ಹಿಡಿದು ಊತ ಇಳಿಸಿ ವಾಪಸ್ ತಂದೆ. ಅರ್ಧ ಗಂಟೆ ತಡವಾಗಿದ್ದರೂ ಕತ್ತರಿ ಬೇಕಾಗುತ್ತಿತ್ತು. ಹೊರಗಡೆ ಬರೀ ನೀರಲ್ಲಿ ತೊಳೆಯಿರಿ ಸಾಕು. ಬಾಣಂತನಕ್ಕೆ ಯಾರು ಬರುತ್ತಿದ್ದಾರೆ?

ಎಡಿಸನ್_ಅಪ್ಪ

ಅಮ್ಮ. ಟಿಕೆಟ್ ಆಗಿದೆ. ಹರಳೆಣ್ಣೆ ಬಾಟಲಿ ಸೂಟ್‌ಕೇಸಿಗೆ ಸೇರಿಯೂ ಆಗಿದೆ.

ಮತ್ತೆ ಫೋನ್ ಮಾಡಬೇಕು. ಈ ಸಲ ಅಪ್ಪನ ಕೈಗೆ ಕೊಡದ ಹಾಗೆ ವಿಡಿಯೋ ಕಾಲ್ ಮಾಡುತ್ತೇನೆ.